ಓಟಿನ ದಿನ ಮುಚ್ಚಿದ ತೂಬು

ಆ ಊರಿನಲ್ಲಿ ಓಟಿನ ದಿನ ಕೆರೆಯ ತೂಬು ತೆಗೆಯುವುದಿಲ್ಲ. ಹಾಗೆಂದು ಯಾವ ಕಾಯಿದೆಯೂ ಹೇಳಿಲ್ಲ, ಯಾವ ಕಚೇರಿಯ ಗೋಡೆಯಲ್ಲೂ ಬರೆದು ಹಾಕಿಲ್ಲ. ಪೈರು ತಲೆ ಬಗ್ಗಿಸಿ ನಿಂತಿದ್ದರೂ ಸರಿ, ಕೆರೆ ತುಂಬಿ ತುಳುಕುತ್ತಿದ್ದರೂ ಸರಿ, ಸಂಜೆ ಶಾಲೆಯ ಬಾಗಿಲು ಮುಚ್ಚಿ ಓಟಿನ ಪೆಟ್ಟಿಗೆಗೆ ಅರಗಿನ ಮುದ್ರೆ ಬೀಳುವ ತನಕ ನೀರು ಕೆರೆಯಲ್ಲೇ ಇರುತ್ತದೆ. ಹೊಸದಾಗಿ ವರ್ಗವಾಗಿ ಬಂದ ಇಂಜಿನಿಯರು ಯಾರಾದರೂ ಕಾರಣ ಕೇಳಿದರೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ಕೊನೆಗೆ ಯಾರೋ ಒಬ್ಬರು ನೀರುಗಂಟಿಯ ಕಡೆ ಕೈ ತೋರಿಸುತ್ತಾರೆ.

ತೂಬು ತೆಗೆದು ಮುಚ್ಚಿ, ಯಾರ ಹೊಲಕ್ಕೆ ಯಾವ ದಿನ ನೀರು ಎಂದು ಸರದಿ ನೋಡಿಕೊಳ್ಳುವುದು ನೀರುಗಂಟಿಯ ಕೆಲಸ. ಈಗ ಅವನಿಗೂ ವಯಸ್ಸಾಗಿದೆ. ಕೇಳಿದವರಿಗೆ ಅವನು ತೂಬಿನ ತಿರುಗಣೆ ಚಕ್ರಕ್ಕೆ ಗ್ರೀಸು ಸವರುತ್ತಲೇ, "ಅದು ನಮ್ಮ ಕಂಡಕ್ಟರ್ ಮೆಂಬರ್ರು ಹಾಕಿಕೊಟ್ಟ ಪದ್ಧತಿ ಸಾರ್. ಗೆದ್ದು ಹಾಕಿಕೊಟ್ಟದ್ದಲ್ಲ, ಸೋತು ಹಾಕಿಕೊಟ್ಟದ್ದು," ಎನ್ನುತ್ತಾನೆ. ಹಾಗೆನ್ನುವಾಗ ಅವನ ಬಲಗೈ ತನ್ನಷ್ಟಕ್ಕೆ ತಾನೇ ಎದೆಯ ಹತ್ತಿರ ಹೋಗುತ್ತದೆ. ಆ ಕೈಯಲ್ಲಿ ಎರಡು ಬೆರಳಿಲ್ಲ.

ಮೆಂಬರ್ರು ಮೆಂಬರ್ರಾಗುವ ಮುಂಚೆ ಬಸ್ಸಿನ ಕಂಡಕ್ಟರು. ಆ ಕಡೆಯ ಊರುಗಳಿಗೆಲ್ಲ ಇದ್ದದ್ದು ಒಂದೇ ಬಸ್ಸು. ಬೆಳಿಗ್ಗೆ ಪಟ್ಟಣಕ್ಕೆ ಹೋಗಿ ಸಂಜೆ ಧೂಳೆಬ್ಬಿಸಿಕೊಂಡು ವಾಪಸು ಬರುತ್ತಿತ್ತು. ಯಾರು ಆಸ್ಪತ್ರೆಗೆ ಹೊರಟವರು, ಯಾರು ಕೋರ್ಟಿಗೆ, ಯಾರು ಗಂಡನ ಮೇಲೆ ಮುನಿಸಿಕೊಂಡು ತವರಿಗೆ ಹೊರಟವರು ಎಂಬುದು ಟಿಕೆಟು ಹರಿದುಕೊಡುವಷ್ಟರಲ್ಲಿ ಅವರಿಗೆ ಗೊತ್ತಾಗಿಬಿಡುತ್ತಿತ್ತು. ಸಂಜೆ ಅದೇ ಜನ ಹತ್ತಿದಾಗ, "ಏನಂದ್ರಮ್ಮಾ ಡಾಕ್ಟರು?" ಎಂದು ಕೇಳುವವರೂ ಅವರೊಬ್ಬರೇ. ಆಸ್ಪತ್ರೆಯಲ್ಲಿ ಯಾವ ಸಾಲಿನಲ್ಲಿ ನಿಲ್ಲಬೇಕು, ಕೋರ್ಟಿನಲ್ಲಿ ಯಾವ ಗುಮಾಸ್ತ ಮಾತಾಡಿಸಿದರೆ ಮಾತಾಡುತ್ತಾನೆ, ಯಾವ ಸಾಹೇಬರ ಹತ್ತಿರ ಊಟಕ್ಕೆ ಮುಂಚೆ ಹೋಗಬಾರದು, ಎಲ್ಲವನ್ನೂ ಅವರು ಬಸ್ಸಿನ ಕಂಬಿಗೆ ಒರಗಿಕೊಂಡೇ ಹೇಳಿಕೊಡುತ್ತಿದ್ದರು.

ತಾಲ್ಲೂಕು ಬೋರ್ಡಿನ ಚುನಾವಣೆ ಬಂದಾಗ, "ನೀವೇ ನಿಲ್ಲಿ," ಎಂದು ಬಸ್ಸಿನಲ್ಲೇ ಜನ ಗಂಟುಬಿದ್ದರು.

"ನಾನು ಯಾವತ್ತಪ್ಪಾ ಕೂತಿದ್ದೆ?" ಎಂದರು ಅವರು. "ಕಂಡಕ್ಟರಿಗೆ ನಿಲ್ಲೋದೇನು ಹೊಸದೇ?"

ಹಾಗೆ ನಿಂತವರು ಗೆದ್ದರು. ಗೆದ್ದರೂ ಕಂಡಕ್ಟರಿಕೆ ಅವರ ನಾಲಿಗೆಯಿಂದ ಇಳಿಯಲಿಲ್ಲ. ಒಂದು ಕೆಲಸ ಆಗುತ್ತದೆ ಎನ್ನಿಸಿದರೆ, "ರೈಟ್!" ಎನ್ನುವರು. ಆಗುವುದಿಲ್ಲ, ತಡಿ ಎನ್ನುವುದಕ್ಕೆ, "ಹೋಲ್ಡಾನ್!" ಅವರ ಮನೆಯ ಜಗಲಿಯ ಮೇಲೆ ಕೂತು ಗಂಟೆಗಟ್ಟಲೆ ಗೋಳು ಹೇಳಿಕೊಂಡವರು ಕೊನೆಗೆ ಕಾಯುತ್ತಿದ್ದದ್ದು ಈ ಎರಡರಲ್ಲಿ ಯಾವುದು ಬರುತ್ತದೆ ಎಂದು. ಒಳಗಿನಿಂದ ಅವರ ಹೆಂಡತಿ, "ಆಯ್ತಲ್ಲ, ರೈಟ್ ಅಂದ್ರಲ್ಲ, ಇನ್ನು ಇಳೀರಿ. ಊಟಕ್ಕೆ ಹೊತ್ತಾಯ್ತು," ಎಂದು ಕೂಗುವರು. ಆ ಮನೆಯಲ್ಲಿ ಯಾರಿಗೂ ಅದರಿಂದ ಬೇಜಾರಾದದ್ದಿಲ್ಲ.

ಕೆರೆ ಬಂದದ್ದೂ ಬಸ್ಸಿನ ದೆಸೆಯಿಂದಲೇ. ಊರ ಮೇಲಿನ ಹಳ್ಳಕ್ಕೆ ಅಡ್ಡ ಕಟ್ಟೆ ಹಾಕಿದರೆ ಕೆಳಗಿನ ಹೊಲಗಳಿಗೆಲ್ಲ ಕಾಲುವೆ ತರಬಹುದು ಎಂದು ಮೆಂಬರ್ರು ಕಚೇರಿಗೆ ಅಲೆದು ಚಪ್ಪಲಿ ಸವೆಸಿದರು. ಇಂಜಿನಿಯರು ನಕ್ಷೆ ನೋಡಿ ತಲೆಯಾಡಿಸಿದರೇ ಹೊರತು ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೊಂದು ಬೇಸಿಗೆಯಲ್ಲಿ ಮೆಂಬರ್ರು ಅವರನ್ನು ಹೇಗೋ ಪುಸಲಾಯಿಸಿ, ಜೀಪು ಬೇಡವೆಂದು ಬಸ್ಸು ಹತ್ತಿಸಿದರು. ಹಿಂದಿನ ದಿನವೇ ಹೆಂಗಸರಿಗೆ ಸೂಚನೆ ಹೋಗಿತ್ತು. ಹಳ್ಳದ ಹತ್ತಿರದ ಸ್ಟಾಪಿನಲ್ಲಿ ತುಂಬಿದ ಕೊಡಗಳನ್ನು ಹೊತ್ತು ಅವರೆಲ್ಲ ಬಸ್ಸು ಹತ್ತಿದರು. ಗುಂಡಿ ಬಿದ್ದ ರಸ್ತೆ. ಒಂದೊಂದು ಗುಂಡಿಗೂ ಒಂದೊಂದು ಕೊಡ ಇಂಜಿನಿಯರ ಪ್ಯಾಂಟಿನ ಮೇಲೆ ಚೆಲ್ಲಿತು. ಊರು ಮುಟ್ಟುವಷ್ಟರಲ್ಲಿ ಅವರು ಮಂಡಿಯ ತನಕ ಒದ್ದೆ.

"ಸಾರ್, ಸದ್ಯಕ್ಕೆ ನಮ್ಮೂರಿನ ಕಾಲುವೆ ಇದೇ," ಎಂದರು ಮೆಂಬರ್ರು. "ಇದರಲ್ಲಿ ಅರ್ಧ ನೀರು ನಿಮ್ಮಂಥವರ ಕಾಲಿಗೇ ಹೋಗಿಬಿಡುತ್ತೆ ನೋಡಿ."

ಇಂಜಿನಿಯರು ಮೊದಲು ಕೆಂಡವಾದರು, ಆಮೇಲೆ ನಕ್ಕರು, ಆಮೇಲೆ ಪ್ಯಾಂಟು ಹಿಂಡಿಕೊಂಡು ಹಳ್ಳ ನೋಡಲು ಹೊರಟರು.

ನೀರುಗಂಟಿ ಆಗ ಕೆಲಸವಿಲ್ಲದ ಯುವಕ. ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸಕ್ಕೆ ಬೆರಳು ಕೊಟ್ಟ ಮೇಲೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಕಳೆ ಕೀಳುವ ಕೆಲಸಕ್ಕೆ ಹೋದರೂ ಜನ ಮೊದಲು ನೋಡುತ್ತಿದ್ದದ್ದು ಅವನ ಕೈಯನ್ನು, ಆಮೇಲೆ ಮುಖವನ್ನು, ಆಮೇಲೆ ಬೇರೆ ಯಾವುದೋ ಕಡೆಗೆ. ಮದುವೆಯಾದ ಹೊಸತು ಬೇರೆ. ಕಟ್ಟೆ ಎದ್ದು ಕೆರೆ ತುಂಬಿ, ತೂಬು ಕಾಯುವುದಕ್ಕೆ ಒಬ್ಬ ಬೇಕು ಎಂದಾಗ ಮೆಂಬರ್ರು ಅವನನ್ನು ಕರೆದುಕೊಂಡು ಹೋಗಿ ಇಂಜಿನಿಯರ ಮುಂದೆ ನಿಲ್ಲಿಸಿದರು. ಇಂಜಿನಿಯರೂ ಕೈಯನ್ನೇ ನೋಡಿದರು.

"ಈ ಕೈಯಲ್ಲಿ ಚಕ್ರ ತಿರುಗಿಸ್ತಾನಾ?"

"ನಾನು ಇಷ್ಟು ವರ್ಷ ಟಿಕೆಟು ಹರಿದದ್ದು ಎರಡೇ ಬೆರಳಲ್ಲಿ ಸಾರ್. ಇವನಿಗೆ ನನಗಿಂತ ಒಂದು ಜಾಸ್ತಿನೇ ಇದೆ," ಎಂದ ಮೆಂಬರ್ರು ಅವನ ಬೆನ್ನು ತಟ್ಟಿದರು. "ತಿರುಗಿಸಪ್ಪಾ. ರೈಟ್!"

ಅವನು ತಿರುಗಿಸಿದ. ಅಂಗೈ ಸುಲಿದುಹೋಯಿತು. ಆದರೆ ತೂಬಿನ ಬಾಯಿಂದ ನೀರು ಬುಸ್ಸೆಂದು ಹೊರಬಿದ್ದಾಗ ಅವನಿಗೆ ನೋವಿನ ಮೇಲೆ ಗಮನವೇ ಇರಲಿಲ್ಲ. ಆವತ್ತಿನಿಂದ ಜನ ಅವನ ಕೈ ನೋಡುವುದನ್ನು ಬಿಟ್ಟು ಅವನ ಮುಖ ನೋಡತೊಡಗಿದರು. ನೀರು ಯಾವಾಗ ಬಿಡುತ್ತಾನೋ ಎಂದು.

ಮೆಂಬರ್ರು ಚುನಾವಣೆಯ ಮೇಲೆ ಚುನಾವಣೆ ಗೆಲ್ಲುತ್ತ ಹೋದರು. ಶಾಲೆಗೆ ಇನ್ನೆರಡು ಕೋಣೆ ಬಂತು, ಬಸ್ಸಿನ ರಸ್ತೆಗೆ ಟಾರು ಬಂತು, ಹೆರಿಗೆ ಮಾಡಿಸಲು ನರ್ಸಮ್ಮ ಬಂದರು. ಕಾಲುವೆ ಮಾತ್ರ ಒಂದು ಕಡೆ ನಿಂತುಬಿಟ್ಟಿತು. ಊರಿನಾಚೆ ಅಡ್ಡಲಾಗಿ ದೊಡ್ಡದೊಂದು ಬಂಡೆ. ಅದನ್ನು ಒಡೆದರೆ ಬಂಡೆಯಾಚೆಯ ಊರುಗಳಿಗೂ ನೀರು ಹೋಗುತ್ತಿತ್ತು. ಆ ಊರವರು ಬಂದು ಕೇಳಿದಾಗೆಲ್ಲ ಮೆಂಬರ್ರು, "ಮುಂದಿನ ಟ್ರಿಪ್ಪಿನಲ್ಲಿ ಆಗಲಿ," ಎನ್ನುವರು. ಮುಂದಿನ ಟ್ರಿಪ್ಪು ಬರಲೇ ಇಲ್ಲ. ಬಂಡೆಯಾಚೆ ಹಂಚಿನ ಕಾರ್ಖಾನೆ ಇಟ್ಟುಕೊಂಡಿದ್ದ ಸಾಹುಕಾರರೊಬ್ಬರು ಇದನ್ನು ನೋಡಿ ನೋಡಿ, ಒಂದು ಸಲ ತಾವೇ ಎದುರು ನಿಂತರು.

ಮೆಂಬರ್ರು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಆದರೂ ಒಳಗೊಳಗೇ ಏನೋ ಅಳುಕಿದ್ದಿರಬೇಕು. ಓಟಿನ ಹಿಂದಿನ ದಿನ ಮಧ್ಯಾಹ್ನ ಸೈಕಲ್ಲು ತುಳಿದುಕೊಂಡು ಒಬ್ಬರೇ ಕೆರೆಯ ಏರಿಗೆ ಬಂದರು. ಆ ವರ್ಷ ಮಳೆ ತಡವಾಗಿ, ಆಗಷ್ಟೇ ಕೆರೆ ತುಂಬಿತ್ತು. ನೆಲ ಬಾಯಿ ಬಿಟ್ಟುಕೊಂಡು ಕಾಯುತ್ತಿತ್ತು.

"ನಾಳೆ ಬೆಳಿಗ್ಗೆ ತೂಬು ತೆಗಿ," ಎಂದರು.

"ನಾಳೆ ಸರದಿ ಇಲ್ಲವಲ್ಲ ಮೆಂಬರ್ರೇ. ನಾಡಿದ್ದು ಕಳೀಲಿ ಅಂತ ಮೀಟಿಂಗಲ್ಲಿ ಆಗಿದೆ."

"ನನಗೆ ಗೊತ್ತಿಲ್ಲವೇನೋ? ನಾಳೆ ಜನ ಓಟಿಗೆ ಹೋಗೋದು ಕಾಲುವೆ ದಾರೀಲೇ. ಹೋಗ್ತಾ ಹೋಗ್ತಾ ಪಕ್ಕದಲ್ಲಿ ನೀರು ಹರೀತಿರಬೇಕು. ಯಾರ ದೆಸೆಯಿಂದ ಬಂತು ಅಂತ ನೆನಪಾಗಬೇಕು. ಭಾಷಣ ಮಾಡೋದಕ್ಕಿಂತ ಅದು ಮೇಲು."

ನೀರುಗಂಟಿ ತಲೆ ಕೆರೆದುಕೊಂಡ. ಯಾಕೋ ಮನಸ್ಸು ಒಪ್ಪಲಿಲ್ಲ.

"ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬೇಡ. ಹಂಚಿನ ಸಾಹುಕಾರ ಕಂಪ್ಲೇಂಟು ಕೊಟ್ಟಾನು. ತಿಳೀತಾ? ರೈಟ್!"

ರೈಟ್ ಎಂದ ಮೇಲೆ ಮುಗಿಯಿತು. ಮಾರನೆಯ ಬೆಳಿಗ್ಗೆ ನೀರುಗಂಟಿ ಚಕ್ರ ತಿರುಗಿಸಿದ.

ನೀರಿನ ಸದ್ದು ಊರಿನ ಕಿವಿಗೆ ಬಿದ್ದದ್ದೇ ತಡ, ಮಿಂದು ಮಡಿಸಿಟ್ಟ ಬಟ್ಟೆ ಉಟ್ಟು ಶಾಲೆಯ ಕಡೆಗೆ ಹೊರಟಿದ್ದ ಜನ ಅರ್ಧ ದಾರಿಯಲ್ಲೇ ತಿರುಗಿದರು. ಮನೆಗೆ ಓಡಿ ಗುದ್ದಲಿ ಹಿಡಿದು ಹೊಲಕ್ಕೆ ಬಿದ್ದರು. ಬಾಯಾರಿದ ನೆಲಕ್ಕೆ ಮೊದಲ ನೀರು. ಹೊಲ ಬಿಟ್ಟು ಹೋದರೆ ಪಕ್ಕದವನು ನೀರು ತನ್ನ ಕಡೆ ತಿರುಗಿಸಿಕೊಳ್ಳದೆ ಬಿಟ್ಟಾನೆಯೇ? ಗಂಡ ಒಂದು ತುದಿ, ಹೆಂಡತಿ ಒಂದು ತುದಿ, ಅಜ್ಜಂದಿರು ನಡುವೆ. ಹೊಸ ಸೀರೆಗಳು ಮೊಣಕಾಲು ಮಟ್ಟ ಕೆಸರಾದವು. ತರಕಾರಿ ಬೆಳೆಯುತ್ತಿದ್ದ ಅಜ್ಜಿಯೊಬ್ಬಳು ಏರಿಯ ಕೆಳಗಿನಿಂದ ಕೂಗಿದಳು: "ಏ ನೀರುಗಂಟೀ, ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪಾ! ಒಳ್ಳೇ ಹೊತ್ತಿಗೆ ಬಿಟ್ಟೆ!"

"ಓಟು ಹಾಕಿದೆಯಾ ಅಜ್ಜೀ?"

"ಮೆಂಬರ್ರು ಗೆದ್ದಾಯ್ತು ಬಿಡೋ. ನನ್ನದೊಂದು ಬಿದ್ದರೆಷ್ಟು, ಬಿಟ್ಟರೆಷ್ಟು! ಕೋಸಿಗೆ ನೀರು ಕಟ್ಟಿಬಿಟ್ಟು ಮಧ್ಯಾಹ್ನ ಹೋಗ್ತೀನಿ."

ಎಲ್ಲರೂ ಅದನ್ನೇ ಹೇಳಿದರು. ನೀರುಗಂಟಿಯೂ ಅದನ್ನೇ ಅಂದುಕೊಂಡ. ತೂಬು ಬಿಟ್ಟು ಹೋಗುವ ಹಾಗಿರಲಿಲ್ಲ.

ಬಂಡೆಯಾಚೆ ನೀರೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಅಲ್ಲಿಯ ಜನ ಹಂಚಿನ ಲಾರಿ ಹತ್ತಿ ಬಂದು, ಸಾಲಾಗಿ ನಿಂತು, ಒಬ್ಬರೂ ಬಿಡದಂತೆ ಓಟು ಹಾಕಿ ಹೋದರು. ಶಾಲೆಯ ಅಂಗಳದ ಮರದ ಕೆಳಗೆ ಮೆಂಬರ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬರಬೇಕಾದ ಬಸ್ಸು ಬಾರದೆ ಇದ್ದಾಗ ನಿಲ್ಲುವವರ ಹಾಗೆ, ಕಾಲುವೆಯ ದಾರಿಯನ್ನೇ ನೋಡುತ್ತ ನಿಂತಿದ್ದರಂತೆ. ನೀರು ಅವರೆದುರೇ ಹರಿಯುತ್ತಿತ್ತು. ಜನರಿರಲಿಲ್ಲ.

ಎಣಿಕೆಯಾಯಿತು. ಮೆಂಬರ್ರು ಸೋತರು. ಎಷ್ಟರಿಂದ ಎಂದರೆ, ಒಂದು ಬಸ್ಸಿನಲ್ಲಿ ಹಿಡಿಸುವಷ್ಟು ಜನರ ಓಟಿನಿಂದ.

ಸುದ್ದಿ ಬಂದಾಗ ಊರು ಗರ ಬಡಿದಂತಾಯಿತು. ಯಾರಿಗೂ ನಂಬಿಕೆಯಿಲ್ಲ. ಆಮೇಲೆ ಒಬ್ಬೊಬ್ಬರಿಗೂ ತಾನು ಹೋಗಿರಲಿಲ್ಲ ಎಂಬುದು ನೆನಪಾಯಿತು. ಅದನ್ನು ಬಾಯಿ ಬಿಟ್ಟು ಹೇಳುವುದು ಹೇಗೆ? ಮೆಂಬರ್ರ ಮನೆಯ ಮುಂದೆ ಹಾಯುವ ದಾರಿಯನ್ನೇ ಜನ ಬಿಟ್ಟರು. ಹಿತ್ತಲ ಕಡೆಯಿಂದ ಸುತ್ತಿಕೊಂಡು ಹೋದರು. ಮೆಂಬರ್ರೂ ಹೊರಗೆ ಬರಲಿಲ್ಲ. ಜಗಲಿ ಬಿಕೋ ಎನ್ನುತ್ತಿತ್ತು. ಪಟ್ಟಣದಲ್ಲಿರುವ ಮಗಳ ಮನೆಗೆ ಹೊರಟುಹೋಗುತ್ತಾರಂತೆ, ಟ್ರಂಕು ಇಳಿಸಿ ಒರೆಸಿಟ್ಟಿದ್ದಾರಂತೆ ಎಂಬ ಮಾತು ಹಬ್ಬಿತು.

ಇಷ್ಟು ದೊಡ್ಡ ನಾಚಿಕೆಯನ್ನು ಹೊತ್ತುಕೊಂಡು ಎಷ್ಟು ದಿನ ಇರಲಾದೀತು? ಊರು ಅದನ್ನು ಇಳಿಸುವುದಕ್ಕೊಂದು ಹೆಗಲು ಹುಡುಕಿತು. ಸರದಿ ಇಲ್ಲದ ದಿನ ತೂಬು ತೆಗೆದವನು ಯಾರು? ಯಾಕೆ ತೆಗೆದ? ಯಾರು ತೆಗೆಸಿದರು?

ನೀರುಗಂಟಿಗೆ ಇದು ತಿಳಿದದ್ದು ಟೀ ಅಂಗಡಿಯಲ್ಲಿ. ಅವನು ಒಳಗೆ ಕಾಲಿಟ್ಟದ್ದೇ ಮಾತು ನಿಂತಿತು. ಬೆಂಚಿನ ಮೇಲಿದ್ದವರು ಜಾಗ ಕೊಡಲಿಲ್ಲ. ತರಕಾರಿ ಅಜ್ಜಿ ಲೋಟ ಕೆಳಗಿಟ್ಟು ಕೇಳಿಯೇಬಿಟ್ಟಳು:

"ಮನೆಗೆ ಹೊಸ ಹಂಚು ಹೊದಿಸಿದೆಯಂತಲ್ಲಪ್ಪಾ?"

"ಹೊದಿಸಿದೆ. ಸೋರ್ತಿತ್ತು."

"ಯಾವ ಕಾರ್ಖಾನೆದು?"

ಆ ಕಡೆ ಇದ್ದದ್ದು ಒಂದೇ ಕಾರ್ಖಾನೆ. ಬೇಸಿಗೆಯಲ್ಲಿ ಅಂಚು ಮುರಿದ ಹಂಚನ್ನು ಆರಿಸಿ ಆರಿಸಿ ಅಗ್ಗಕ್ಕೆ ತಂದಿದ್ದ. ಆಗ ಚುನಾವಣೆಯ ಸುದ್ದಿಯೇ ಇರಲಿಲ್ಲ. ಅದನ್ನು ಹೇಳಿದ. "ನಿನ್ನ ಹೊಟ್ಟೆ ತಣ್ಣಗಿರಲಿ," ಎಂದಿದ್ದ ಅದೇ ಅಜ್ಜಿ ಮುಖ ತಿರುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವನ ಟೀ ಬರಲೇ ಇಲ್ಲ. ಹೊರಗೆ ಬಂದಾಗ ಅವನಿಗೆ ಅನ್ನಿಸಿದ್ದು ಒಂದೇ: ಜನ ಮತ್ತೆ ತನ್ನ ಕೈಯನ್ನು ನೋಡತೊಡಗಿದ್ದಾರೆ.

ನೀರು ಬಳಸುವವರ ಸಭೆ ಕರೆದದ್ದಾಯಿತು. ಹೊಸ ಮೆಂಬರು ಹಂಚಿನ ಸಾಹುಕಾರರೇ ಸಭೆ ನಡೆಸುವವರು. ನೀರುಗಂಟಿಯನ್ನು ಬಿಡಿಸಿ ಬೇರೆಯವನನ್ನು ಇಡುವುದು ಎಂದು ಎಲ್ಲರ ಬಾಯಲ್ಲೂ ಮೊದಲೇ ತೀರ್ಮಾನವಾಗಿತ್ತು.

ಅವನ ಹೆಂಡತಿಗೆ ತಡೆಯಲಾಗಲಿಲ್ಲ. "ಸರದಿ ತಪ್ಪಿಸಿ ಒಂದು ಚೊಂಬು ನೀರು ಕೊಟ್ಟೋರಲ್ಲ ನೀವು. ನಿಮ್ಮಷ್ಟಕ್ಕೆ ನೀವು ತೂಬು ತೆಗೆದಿರಿ ಅಂದ್ರೆ ನಾನು ನಂಬಬೇಕಾ? ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ."

"ಬಾಯಿ ಬಿಡಿ ಅಂತೀನಿ. ಕೆಲಸ ಹೋದರೆ ಗತಿ ಏನು?"

"ಕೆಲಸ ಬಂದದ್ದು ಹೇಗೆ ಅಂತ ನಿನಗೆ ಗೊತ್ತಿಲ್ವಾ?" ಎಂದ ಅವನು. ಅಷ್ಟು ಸಾಕಾಯಿತು. ಹೆಂಡತಿ ಅವನ ಮುಖವನ್ನು ನೋಡಿದಳು, ಮತ್ತೆ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ತಲೆ ಬಾಚಿಕೊಂಡು ಎಲ್ಲಿಗೋ ಹೊರಟಳು. ಎಲ್ಲಿಗೆ ಎಂದದ್ದಕ್ಕೆ, "ಮೆಂಬರ್ರ ಮನೆ ಅಕ್ಕನ ಹತ್ತಿರ. ಸೂಜಿ ಬೇಕಾಗಿತ್ತು," ಎಂದಳು. ಸೂಜಿ ಗೋಡೆಯ ಮೇಲಿನ ಬಟ್ಟೆಯಲ್ಲಿ ಚುಚ್ಚಿಕೊಂಡಿತ್ತು. ಅವನು ಅದನ್ನು ನೋಡಿದ, ತಡೆಯಲಿಲ್ಲ.

ಸಭೆ ಸೇರಿದ್ದು ಏರಿಯ ಮೇಲೆ, ತೂಬಿನ ಪಕ್ಕದಲ್ಲಿ. ಸಾಹುಕಾರರಿಗೆ ಒಂದು ಕುರ್ಚಿ. ಉಳಿದವರು ಹುಲ್ಲಿನ ಮೇಲೆ. ಕೆಳಗಿನ ಹೊಲಗಳು ಕಣ್ಣು ತುಂಬುವಷ್ಟು ಹಸಿರಾಗಿದ್ದವು. ಅಂಥ ಬೆಳೆಯನ್ನು ಊರು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಅದರ ಕಡೆ ನೋಡುವುದಕ್ಕೂ ಜನರಿಗೆ ಮುಜುಗರ. ನೀರುಗಂಟಿ ಚಕ್ರ ಹಿಡಿದುಕೊಂಡು ನಿಂತಿದ್ದ.

"ನನಗೂ ಇವನಿಗೂ ಏನೂ ಸಂಬಂಧ ಇಲ್ಲ," ಎಂದರು ಸಾಹುಕಾರರು. "ನೀವು ನಂಬಲ್ಲ ಅಂತಾನೂ ಗೊತ್ತು. ಇವನನ್ನ ಬಿಡಿಸಿದರೆ ನಿಮ್ಮ ಸಿಟ್ಟು ಇಳಿಯುತ್ತೆ ಅಂದ್ರೆ ಬಿಡಿಸಿಬಿಡಿ. ಏನಪ್ಪಾ, ಸರದಿ ಇಲ್ಲದ ದಿನ ಯಾಕೆ ತೆಗೆದೆ? ಒಂದು ಮಾತು ಹೇಳು."

ನೀರುಗಂಟಿ ಬಾಯಿ ತೆರೆದ. "ನೆಲ ಒಣಗಿತ್ತು," ಎಂದ ಕೊನೆಗೆ.

ಯಾರೋ ಹಿಂದಿನಿಂದ ಕಿಸಕ್ಕೆಂದರು. "ನೆಲವೋ ಜೇಬೋ?" ಎಂದರು ಇನ್ಯಾರೋ. "ಬಿಡಿಸಿ, ಬಿಡಿಸಿ. ಕೈ ಎತ್ತಿಸಿ ಮುಗಿಸಿ," ಎಂದು ಅಜ್ಜಿ ಹೇಳುತ್ತಿದ್ದ ಹಾಗೆಯೇ, ಏರಿಯ ಆ ತುದಿಯಿಂದ ಒಂದು ಕೂಗು ಬಂತು.

"ಹೋಲ್ಡಾನ್!"

ಊರಿಗೆ ಊರೇ ಆ ಕೂಗಿಗೆ ಬಸ್ಸು ಹತ್ತಿ ಇಳಿದದ್ದು. ಎತ್ತಲು ಹೊರಟ ಕೈಗಳು ಅಲ್ಲಲ್ಲೇ ನಿಂತವು. ಮೆಂಬರ್ರು ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದರು. ಗಡ್ಡ ಬೆಳೆದಿತ್ತು. ಹಿಂದೆ ಅವರ ಹೆಂಡತಿ, ಅವರ ಹಿಂದೆ ನೀರುಗಂಟಿಯ ಹೆಂಡತಿ. ಮೆಂಬರ್ರು ಸೈಕಲ್ಲನ್ನು ತೂಬಿನ ಕಟ್ಟೆಗೆ ಒರಗಿಸಿ, ನೀರುಗಂಟಿಯ ಪಕ್ಕದಲ್ಲಿ ನಿಂತು, ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ನೀರು ಬಿಡಿಸಿದ್ದು ನಾನು."

ಮೆಂಬರ್ರು ನೀರುಗಂಟಿಯ ಹೆಗಲ ಮೇಲೆ ಕೈಯಿಟ್ಟರು.

"ಇವನು ಬೇಡ ಅಂದ. ಸರದಿ ಇಲ್ಲ ಅಂದ. ನಾನೇ ಬಲವಂತ ಮಾಡಿದೆ. ನೀವು ಓಟಿಗೆ ಹೋಗೋವಾಗ ಕಾಲುವೆ ತುಂಬಿ ಹರೀತಿರಲಿ, ನೋಡಿ ನನ್ನ ನೆನೆಸಿಕೊಳ್ಳಲಿ ಅಂತ." ಅವರು ತಲೆ ತಗ್ಗಿಸಿ, ಮತ್ತೆ ಎತ್ತಿದರು. "ನೀರು ಕಂಡರೆ ನೀವು ನನ್ನ ಮುಖ ನೋಡ್ತೀರಾ, ಹೊಲದ ಮುಖ ನೋಡ್ತೀರಾ ಅನ್ನೋದು ಇಷ್ಟು ವರ್ಷ ನಿಮ್ಮ ಜೊತೆ ಇದ್ದ ನನಗೆ ಹೊಳೀಲಿಲ್ಲ. ಯಾರಿಗೂ ಹೇಳಬೇಡ ಅಂತ ಇವನ ಬಾಯಿಗೆ ಬೀಗ ಹಾಕಿದವನೂ ನಾನೇ. ಇವನು ನಿಮ್ಮ ಕೈಲಿ ಮಾತು ಅನ್ನಿಸಿಕೊಂಡು ಸುಮ್ಮನೆ ನಿಂತಿದ್ದಾನೆ. ನಾನು ಮನೇಲಿ ಕೂತು, ಜನ ನನ್ನ ಕೈಬಿಟ್ಟರು ಅಂತ ಟ್ರಂಕು ಒರೆಸ್ತಿದ್ದೆ."

ನೀರುಗಂಟಿ ನೆಲ ನೋಡುತ್ತಿದ್ದ. ಕಣ್ಣು ಮಂಜಾಗಿ ಮೆಂಬರ್ರ ಸವೆದ ಚಪ್ಪಲಿ ಎರಡೆರಡಾಗಿ ಕಾಣಿಸಿತು.

ಮೊದಲು ನಕ್ಕವಳು ಅಜ್ಜಿ. ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗು ಪಕ್ಕದಿಂದ ನುಗ್ಗಿತು. "ಅಯ್ಯೋ ನಿಮ್ಮ! ಕೈಬಿಟ್ಟದ್ದಲ್ಲ ಮೆಂಬರ್ರೇ, ಕೈ ಕೆಸರಾಗಿತ್ತು! ನಾನು ಹೋದೆ ಕಣ್ರೀ, ಓಟಿಗೆ ಹೋದೆ. ಕೋಸಿಗೆ ನೀರು ಕಟ್ಟಿಬಿಟ್ಟು ಹೋದೆ. ಬಾಗಿಲು ಮುಚ್ಚಿ ಬೀಗ ಹಾಕ್ತಿದ್ರು."

"ನಾನೂ ಹೋಗಿರಲಿಲ್ಲ," ಎಂದ ಒಬ್ಬ. "ನಾವು ಮನೆಮಂದಿಯೆಲ್ಲ," ಎಂದ ಇನ್ನೊಬ್ಬ. ಟೀ ಅಂಗಡಿಯವನಿಗೆ ಹೊಲವೂ ಇರಲಿಲ್ಲ. ಭಾವಮೈದುನನ ಹೊಲಕ್ಕೆ ನೀರು ಕಟ್ಟಲು ಹೋಗಿದ್ದನಂತೆ. ಇಷ್ಟು ದಿನ ಒಬ್ಬೊಬ್ಬರೇ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ನಗುವೋ ಅಳುವೋ ಗೊತ್ತಾಗದ ಹಾಗೆ ಗಲಾಟೆಯಾಯಿತು.

ಹಂಚಿನ ಸಾಹುಕಾರರು ಕುರ್ಚಿಯಲ್ಲಿ ಪೆಚ್ಚಾಗಿ ಕೂತಿದ್ದರು. "ಹಾಗಾದರೆ ನಾನು ಗೆದ್ದದ್ದು ನಿಮ್ಮ ನೀರಿನಿಂದ ಅಂತಾಯ್ತು," ಎಂದರು.

"ಹೌದು ಸಾಹುಕಾರ್ರೇ. ಅದಕ್ಕೇ ಹೇಳ್ತೀನಿ, ಆ ಬಂಡೆ ಒಡೆಸಿ ನಿಮ್ಮ ಕಡೆಗೂ ಕಾಲುವೆ ತಗೊಂಡು ಹೋಗಿ. ಆಮೇಲೆ ನೀವೂ ನಿಶ್ಚಿಂತೆಯಾಗಿ ಸೋಲಬಹುದು," ಎಂದರು ಮೆಂಬರ್ರು. ಸಾಹುಕಾರರಿಗೂ ನಗು ತಡೆಯಲಿಲ್ಲ.

ನಗು ಅಡಗಿದ ಮೇಲೆ ಅಜ್ಜಿ ಎದ್ದು ನೀರುಗಂಟಿಯ ಹತ್ತಿರ ಬಂದಳು. ಏನು ಹೇಳಬೇಕೆಂದು ತೋಚದೆ ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಷ್ಟು ವರ್ಷದಲ್ಲಿ ಊರಿನವರು ಆ ಕೈಯನ್ನು ಮುಟ್ಟಿದ್ದು ಅದೇ ಮೊದಲು. "ನನ್ನ ನಾಲಿಗೆ ಮಾತ್ರ ಹರಿತ ಕಣೋ, ಮನಸ್ಸಲ್ಲ," ಎಂದಳು.

"ಟೀ ಕೊಡಿಸಜ್ಜೀ, ಸಾಕು. ಆವತ್ತಿನದು ಬಾಕಿ ಇದೆ," ಎಂದ ಅವನು.

ಸಭೆ ಮುಗಿದಾಗ ಮೆಂಬರ್ರು ಅವನಿಗೆ ಕೃತಜ್ಞತೆಯ ಮಾತೇನೂ ಹೇಳಲಿಲ್ಲ. ಸೈಕಲ್ಲು ತಿರುಗಿಸಿ, ಹಿಂದಿನ ಕ್ಯಾರಿಯರ್ ತಟ್ಟಿ, "ಹತ್ತು," ಎಂದರು. ಏರಿಯ ಉದ್ದಕ್ಕೂ, ಟೀ ಅಂಗಡಿಯ ಮುಂದಿನಿಂದ, ಊರಿನ ನಟ್ಟನಡುವಿನ ದಾರಿಯಲ್ಲಿ, ಎಲ್ಲರೂ ನೋಡುವ ಹಾಗೆ ಅವನನ್ನು ಕೂರಿಸಿಕೊಂಡು ಅವನ ಮನೆಯ ತನಕ ತುಳಿದರು. ಇಳಿಸಿ, ಮೇಲೆ ನೋಡಿ, "ಹಂಚು ಚೆನ್ನಾಗಿ ಕೂತಿದೆಯಲ್ಲೋ," ಎಂದರು. ಅಷ್ಟೇ.

ಮಾರನೆಯ ದಿನದಿಂದ ಮೆಂಬರ್ರ ಜಗಲಿಗೆ ಜನ ಬಂದರು. ಬರಿಗೈಯಲ್ಲಿ ಬರಲು ನಾಚಿಕೆ. ಕೋಸು, ಈರುಳ್ಳಿ, ಕುಂಬಳಕಾಯಿ, ಮೆಕ್ಕೆಜೋಳದ ತೆನೆ. ಜಗಲಿಯ ಮೇಲೆ ಕೂರಲು ಜಾಗವಿಲ್ಲದಷ್ಟಾಯಿತು. ಮೆಂಬರ್ರ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನೋಡಿದರು: "ಗೆದ್ದಾಗ ಒಂದು ಮೆಣಸಿನಕಾಯಿ ಬಂದದ್ದು ಕಾಣೆ. ಸೋತದ್ದೇ ಸಂಸಾರಕ್ಕೆ ಒಳ್ಳೇದಾಯ್ತು ಬಿಡಿ." ಟ್ರಂಕಿನಲ್ಲಿ ಈರುಳ್ಳಿ ತುಂಬಿಸಿಟ್ಟರು. ಪಟ್ಟಣಕ್ಕೆ ಹೋಗುವ ಮಾತು ಅಲ್ಲಿಗೆ ನಿಂತಿತು.

ಮೆಂಬರ್ರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಆದರೆ ಜನ ಮೆಂಬರ್ರೆಂದು ಕರೆಯುವುದನ್ನೂ ಬಿಡಲಿಲ್ಲ. ಯಾವ ಕಚೇರಿಯಲ್ಲಿ ಯಾರನ್ನು ಹಿಡಿಯಬೇಕೆಂದು ಸಾಹುಕಾರರಿಗೆ ಗೊತ್ತಿರಲಿಲ್ಲ. ಅವರು ಪಟ್ಟಣಕ್ಕೆ ಹೊರಟಾಗಲೆಲ್ಲ ಕಾರಿನ ಮುಂದಿನ ಸೀಟಿನಲ್ಲಿ ಮೆಂಬರ್ರು ಇರುತ್ತಿದ್ದರು. ಬಂಡೆ ಒಡೆಯುವ ಮದ್ದು ಸಿಡಿದ ದಿನ ಇಬ್ಬರೂ ಒಂದೇ ಕೊಡೆಯ ಕೆಳಗೆ ನಿಂತು ನೋಡಿದರು. ಮುಂದಿನ ಸಲ ಓಟಿನ ಹಿಂದಿನ ದಿನ ಏರಿಗೆ ಬಂದದ್ದು ಒಬ್ಬರಲ್ಲ, ಮೆಂಬರ್ರು ಸಾಹುಕಾರರು ಇಬ್ಬರೂ. "ನಾಳೆ ಏನೇ ಆಗಲಿ, ತೂಬು ಮುಟ್ಟಬೇಡ," ಎಂದರು ಇಬ್ಬರೂ ಒಟ್ಟಿಗೆ. ನೀರುಗಂಟಿ ನಕ್ಕುಬಿಟ್ಟ. ಪದ್ಧತಿ ಶುರುವಾದದ್ದು ಹಾಗೆ. ಆ ಸಲ ಸಾಹುಕಾರರು ಬೇರೊಬ್ಬರೆದುರು ಸೋತರು. ನೀರಿನ ದೆಸೆಯಿಂದಲ್ಲ, ನ್ಯಾಯವಾಗಿಯೇ. ಸೋತ ಸಂಜೆ ಮೆಂಬರ್ರ ಜಗಲಿಗೇ ಬಂದು ಕೂತರು.

ಮೆಂಬರ್ರು ಕೊನೆಯ ಬಾರಿ ಓಟು ಹಾಕಿದ ವರ್ಷ ಅವರ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ನೀರುಗಂಟಿಯೇ ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋದ. ಹೊರಗೆ ಬಂದ ಮೇಲೆ ಅವರು ಮನೆಗೆ ಹೋಗಲು ಒಪ್ಪಲಿಲ್ಲ. ತೂಬಿನ ಹತ್ತಿರ ಹೋಗೋಣ ಎಂದರು.

ಕಟ್ಟೆಯ ಮೇಲೆ ಕೂತು, "ಈಗಲೇ ಬಿಟ್ಟುಬಿಡೋ. ನಾನೇನು ನಿಂತಿಲ್ಲವಲ್ಲ," ಎಂದರು.

"ಸುಮ್ಮನಿರಿ ಮೆಂಬರ್ರೇ. ಒಂದು ಸಲ ನಿಮ್ಮ ಮಾತು ಕೇಳಿದ್ದು ಸಾಕಾಗಿದೆ."

ಮುದುಕರು ಭುಜ ಕುಣಿಸಿ ನಕ್ಕರು. ಇಬ್ಬರೂ ಕೂತು ಕಾದರು. ಬಿಸಿಲು ಇಳಿಯಿತು. ಶಾಲೆಯ ಗಂಟೆ ಬಾರಿಸಿದ ಸದ್ದು ಕೇಳಿದ ಮೇಲೆ ನೀರುಗಂಟಿ ಎದ್ದು ಚಕ್ರಕ್ಕೆ ಕೈ ಹಾಕಿದ. ಮೆಂಬರ್ರೂ ತಡವರಿಸುತ್ತ ಬಂದು ಅವನ ಕೈಯ ಪಕ್ಕದಲ್ಲಿ ಕೈಯಿಟ್ಟರು. ಅವರ ಕೈಯಲ್ಲಿ ಬಲವಿರಲಿಲ್ಲ, ಆದರೂ ಅವನು ಬೇಡವೆನ್ನಲಿಲ್ಲ. ಚಕ್ರ ತಿರುಗಿತು. ಕೆಳಗೆ ನೀರು ಬುಸ್ಸೆಂದಿತು.

ಮತ್ತೆ ಕೂತ ಮೇಲೆ ಮೆಂಬರ್ರು ಕಣ್ಣು ಮುಚ್ಚಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಹರಿವ ಸದ್ದನ್ನೇ ಆಲಿಸಿದರು. ಆಮೇಲೆ ಸಣ್ಣ ದನಿಯಲ್ಲಿ, ಹಿಂದೆ ಬಸ್ಸಿನ ಬಾಗಿಲಲ್ಲಿ ನಿಂತು ಕೂಗುತ್ತಿದ್ದ ರಾಗದಲ್ಲೇ, ನೀರು ಹಾಯುವ ಜಾಗಗಳನ್ನು ಹೇಳತೊಡಗಿದರು.

"ಅಜ್ಜಿ ಕೋಸಿನ ಹೊಲ..."

ಅಜ್ಜಿ ತೀರಿಕೊಂಡು ವರ್ಷಗಳಾಗಿದ್ದವು. ಹೊಲಕ್ಕೆ ಹೆಸರು ಅದೇ ಉಳಿದಿತ್ತು. ನೀರುಗಂಟಿ ಕೆಳಗೆ ನೋಡಿದ. ನೀರು ಅಲ್ಲಿಗೆ ಇನ್ನೂ ಮುಟ್ಟಿರಲಿಲ್ಲ. "ಬಂತು, ಬಂತು," ಎಂದ.

"ಮಿಲ್ಲು. ಮಿಲ್ಲಿನವರು ಯಾರಿದ್ದೀರಿ..." ಸ್ವಲ್ಪ ಹೊತ್ತು ಬಿಟ್ಟು, "ಶಾಲೆ." ಮತ್ತೆ ಸ್ವಲ್ಪ ಹೊತ್ತು. "ಟೀ ಅಂಗಡಿ ತಿರುವು."

ಒಂದೊಂದನ್ನೂ ಅವರು ಅವಸರವಿಲ್ಲದೆ, ಹತ್ತುವವರು ಹತ್ತಿ ಇಳಿಯುವವರು ಇಳಿಯುವಷ್ಟು ಹೊತ್ತು ಕೊಟ್ಟು ಹೇಳಿದರು. ಕೆಳಗೆ ಅಲ್ಲಲ್ಲಿ ಜನ ಗುದ್ದಲಿ ಹಿಡಿದು ಹೊಲಕ್ಕಿಳಿಯುತ್ತಿದ್ದರು. ಆವತ್ತು ಅವರೆಲ್ಲರ ಬೆರಳಿಗೂ ಓಟಿನ ಶಾಯಿ ಹತ್ತಿತ್ತು. ಕೊನೆಗೆ, "ಬಂಡೆ," ಎಂದರು ಮೆಂಬರ್ರು. ಎಷ್ಟೋ ವರ್ಷ ಅದೇ ಕೊನೆಯ ಸ್ಟಾಪಾಗಿತ್ತು.

"ಮುಂದಕ್ಕೆ ಹೋಗುತ್ತಲ್ಲೋ?" ಎಂದು ಕೇಳಿದರು, ಗೊತ್ತಿದ್ದೂ.

"ಹೋಗುತ್ತೆ ಮೆಂಬರ್ರೇ. ಹಂಚಿನ ಕಾರ್ಖಾನೆ ದಾಟಿ ಆಚೆಗೆ ಹೋಗುತ್ತೆ."

ಮೆಂಬರ್ರು ಅವನ ಮೂರು ಬೆರಳಿನ ಕೈಯನ್ನು ಹುಡುಕಿ ಹಿಡಿದುಕೊಂಡರು. ನೀರು ಬಂಡೆಯಿದ್ದ ಜಾಗ ದಾಟುವ ತನಕ ಇಬ್ಬರೂ ಹಾಗೆಯೇ ಕೂತಿದ್ದರು.